ಬಿ.ಕಾಂ. ಆಯ್ತು, ಮುಂದೇನು?

ಕೊನೆಯ ಸೆಮಿಸ್ಟರ್‌ನಲ್ಲಿ ಈ ಪ್ರಶ್ನೆ ಎದುರಾದಾಗ ನಮ್ಮಲ್ಲಿ ಹಲವರ ಬಳಿ ಇರುವುದು ಅಂಕಪಟ್ಟಿಯೊಂದೇ. ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲವನ್ನೂ ನೋಟ್ಸ್‌ನಲ್ಲಿ ಬರೆದಿರುತ್ತೇವೆ. ನಿಜವಾದ ಅಂಗಡಿಯ ಒಂದು ಬಿಲ್ಲನ್ನೂ ಮುಟ್ಟಿರುವುದಿಲ್ಲ. ಸಂದರ್ಶನದಲ್ಲಿ ತಡವರಿಸುವುದು ಅಲ್ಲೇ.

ಇದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಸಣ್ಣ ಊರಿನ ತೆರಿಗೆ ಸಲಹೆಗಾರರಿಗೂ ತಿಂಗಳು ತಿಂಗಳೂ ಕೆಲಸವಿದೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20ನೇ ತಾರೀಖು ಗಡುವು. ಆ ದಿನಗಳು ಹತ್ತಿರ ಬಂದಂತೆ ಕಚೇರಿಗಳಲ್ಲಿ ಕೈ ಸಾಲುವುದಿಲ್ಲ. ಎರಡನೇ ವರ್ಷದಿಂದಲೇ ಸಂಜೆ ಎರಡು ಗಂಟೆ ಅಲ್ಲಿ ಕುಳಿತರೆ ಟ್ಯಾಲಿಯಲ್ಲಿ ಬಿಲ್ ನಮೂದಿಸುವುದು, ಖರೀದಿ ಲೆಕ್ಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು ರೂಢಿಯಾಗುತ್ತದೆ. ಸಿಗುವ ಹಣ ಬಸ್ ಚಾರ್ಜಿಗಷ್ಟೇ ಆದೀತು. ಕಲಿತ ಕೆಲಸ ಮಾತ್ರ ಕೈಯಲ್ಲಿ ಉಳಿಯುತ್ತದೆ.

ಹಾಗೆಂದು ಅಂಕಗಳನ್ನು ಕಡೆಗಣಿಸುವಂತಿಲ್ಲ. ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರು ಸಿಎ ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಐಬಿಪಿಎಸ್‌ನ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

‘ಮುಂದೇನು’ ಎಂಬುದನ್ನು ಕೊನೆಯ ಸೆಮಿಸ್ಟರ್‌ಗೆ ಬಿಡುವುದು ಬೇಡ. ಈ ರಜೆಯಲ್ಲೇ ನಿಮ್ಮೂರಿನ ಒಂದು ಆಡಿಟರ್ ಕಚೇರಿಗೆ ಹೋಗಿ ಕೇಳಿ ನೋಡಿ.