ಅಪ್ಪನ ಸ್ವೆಟರ್ ಕುಗ್ಗಿದ ದಿನ

ಸೇನೆಯಲ್ಲಿದ್ದ ಅಪ್ಪ ಲೇಹ್‌ನಿಂದ ಒಂದು ಪಶ್ಮೀನಾ ಸ್ವೆಟರ್ ತಂದಿದ್ದರು. ನಿವೃತ್ತರಾಗಿ ಆಲ್ಕೊಳಕ್ಕೆ ಬಂದ ಮೇಲೂ ಚಳಿಗೆ ಅದೇ ಬೇಕು. ಕಳೆದ ಡಿಸೆಂಬರ್‌ನಲ್ಲಿ ನಾನು ಅದನ್ನು ಜೀನ್ಸ್ ಜೊತೆ ವಾಷಿಂಗ್ ಮಷೀನಿಗೆ ಹಾಕಿ ಬಿಸಿನೀರು ಬಿಟ್ಟೆ. ಹೊರತೆಗೆದಾಗ ಪುಟ್ಟ ತಮ್ಮನ ಅಳತೆಗೆ ಬಂದಿತ್ತು! ಅಪ್ಪ ಬೈಯಲಿಲ್ಲ, ಮಡಚಿ ಬೀರುವಿನಲ್ಲಿಟ್ಟರು. ಬೈದಿದ್ದರೇ ವಾಸಿಯಿತ್ತು.

ಬಿಇ ಓದುವ ನಾನು ಕಾರಣ ಹುಡುಕಿದ್ದು ಆಮೇಲೆ. ಲಡಾಖ್‌ನ ಚಾಂಗ್‌ಥಾಂಗ್ ಮೇಕೆಯ ನವಿರಾದ ಒಳಗೂದಲೇ ಪಶ್ಮೀನಾ. ಕ್ಯಾಶ್ಮೀರ್ ಉಣ್ಣೆಯಲ್ಲೇ ಶ್ರೇಷ್ಠ. ಅದರ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡಿಸಲಾಗದು. ತಣ್ಣೀರು, ಚೂರು ಶಾಂಪೂ ಸಾಕಿತ್ತು. ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೇತುಹಾಕದೆ ನೆರಳಲ್ಲಿ ಹರಡಬೇಕಿತ್ತು.

ಮೊದಲ ಸಂಬಳದಲ್ಲಿ ಅಪ್ಪನಿಗೊಂದು ಕೊಳ್ಳಬೇಕು, ‘ಶೇ 100 ಕ್ಯಾಶ್ಮೀರ್’ ಎಂಬ ಲೇಬಲ್ ನೋಡಿಯೇ. ತೊಳೆಯುವುದೂ ನಾನೇ, ಕೈಯಲ್ಲಿ!