ಜರ್ಮನ್ ಸ್ಮರಣಾರ್ಥ ಬಿಲ್ಲೆಗಳು: ನಂಬಿಕೆ ಒಂದು, ನಿಜ ಇನ್ನೊಂದು

1870ರಿಂದ 1945ರವರೆಗೆ ಜರ್ಮನಿಯಲ್ಲಿ ಸ್ಮರಣಾರ್ಥ ಬಿಲ್ಲೆಗಳು ಲೆಕ್ಕವಿಲ್ಲದಷ್ಟು ತಯಾರಾದವು. ಯುದ್ಧದ ಗೆಲುವು, ಚಕ್ರವರ್ತಿಯ ಜನ್ಮಶತಾಬ್ದಿ, ವ್ಯಾಯಾಮ ಸಂಘದ ಉತ್ಸವ, ಪಕ್ಷದ ಸಮಾವೇಶ, ಬೀದಿಯಲ್ಲಿ ಎತ್ತುವ ಚಂದಾ, ಹೀಗೆ ಪ್ರತಿಯೊಂದಕ್ಕೂ ಎದೆಗೆ ಚುಚ್ಚಿಕೊಳ್ಳಲು ಒಂದು ಲೋಹದ ತುಣುಕು ಇರುತ್ತಿತ್ತು. ಲ್ಯೂಡೆನ್‌ಶೈಡ್, ಫೋರ್ಟ್ಸ್‌ಹೈಮ್, ಮ್ಯೂನಿಕ್, ವಿಯೆನ್ನಾಗಳ ಕಾರ್ಖಾನೆಗಳು ಇದರಿಂದಲೂ ಬೆಳೆದವು. ಆ ಬಿಲ್ಲೆಗಳಿಗೆ ಇಂದು ಜಗತ್ತಿನಾದ್ಯಂತ ಸಂಗ್ರಾಹಕರಿದ್ದಾರೆ, ಅವರನ್ನೇ ನಂಬಿಕೊಂಡ ನಕಲಿ ತಯಾರಕರೂ ಇದ್ದಾರೆ. ಅಸಲಿಯನ್ನು ಗುರುತಿಸುವ ಬಗ್ಗೆ ಸಂಗ್ರಾಹಕರ ನಡುವೆ ಓಡಾಡುವ ಸೂತ್ರಗಳಲ್ಲಿ ಹಲವು ಅರ್ಧಸತ್ಯಗಳು, ಕೆಲವಂತೂ ಪೂರ್ತಿ ಸುಳ್ಳು.

ಬಿಲ್ಲೆಯ ಮೇಲಿನ ಇಸವಿಯೇ ಅದು ತಯಾರಾದ ಇಸವಿ ಎಂಬುದು ಹೊಸಬರೆಲ್ಲರ ಮೊದಲ ನಂಬಿಕೆ. ಬಿಲ್ಲೆ ಹೇಳುವುದು ತಾನು ನೆನಪಿಸುವ ಘಟನೆಯ ಇಸವಿಯನ್ನು. ಮೊದಲ ಮಹಾಯುದ್ಧದ ಗೌರವ ಶಿಲುಬೆಯ ಮೇಲೆ 1914–1918 ಎಂದಿದೆ, ಆದರೆ ಅಧ್ಯಕ್ಷ ಹಿಂಡೆನ್‌ಬರ್ಗ್ ಅದನ್ನು ಸ್ಥಾಪಿಸಿದ್ದು 1934ರ ಜುಲೈ 13ರಂದು. ಆ ಪದಕದ ಒಂದು ಪ್ರತಿಯೂ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕೋಬರ್ಗ್ ಬಿಲ್ಲೆಯಲ್ಲಿ 1922, 1932 ಎರಡೂ ಇಸವಿಗಳಿವೆ. ಕೋಬರ್ಗ್ ಊರಿನಲ್ಲಿ ನಾಜಿ ಪಕ್ಷ 1922ರ ಅಕ್ಟೋಬರ್‌ನಲ್ಲಿ ನಡೆಸಿದ ಮೆರವಣಿಗೆಗೆ ಹತ್ತು ವರ್ಷ ತುಂಬಿದಾಗ ಅದನ್ನು ಹೊರಡಿಸಲಾಯಿತು. “ಇದು 1922ರಲ್ಲೇ ಕೊಟ್ಟದ್ದು” ಎಂದು ಮಾರಾಟಗಾರ ಹೇಳಿದರೆ, ಬಿಲ್ಲೆಯನ್ನು ತಿರುವಿ ನೋಡುವ ಮೊದಲೇ ಅವನ ಮಾತು ಬಿದ್ದುಹೋಗುತ್ತದೆ.

ದುಬಾರಿ ಬಿಲ್ಲೆಗಳಿಗೆ ಮಾತ್ರ ನಕಲಿಯ ಕಾಟ, ಅಗ್ಗದ್ದನ್ನು ಯಾರು ನಕಲು ಮಾಡುತ್ತಾರೆ ಎಂಬ ಮಾತೂ ಇದೆ. ಕೋಬರ್ಗ್ ಬಿಲ್ಲೆಯ ಮಟ್ಟಿಗೆ ಈ ಭಯ ಸರಿ. ಪಕ್ಷದ ಅಧಿಕೃತ ಪಟ್ಟಿಯಲ್ಲಿ ಅದನ್ನು ಪಡೆದವರ ಹೆಸರುಗಳು ಕೇವಲ 436, ಮಾರುಕಟ್ಟೆಗೆ ಬರುವ ಪ್ರತಿಗಳಲ್ಲಿ ಬಹುಪಾಲು ನಕಲಿ ಎಂದೇ ಹಿಡಿದು ನೋಡಬೇಕು. ಆದರೆ ಸಮಾವೇಶಗಳಲ್ಲಿ ಮಾರುತ್ತಿದ್ದ ತೆಳು ತಗಡಿನ ಸಾದಾ ಬಿಲ್ಲೆಗಳೂ ಸುರಕ್ಷಿತವಲ್ಲ. ಅವುಗಳ ವಿನ್ಯಾಸ ಸರಳ, ನಕಲು ಸುಲಭ, ಕಡಿಮೆ ಬೆಲೆಯ ಕಾರಣ ಕೊಳ್ಳುವವರು ಪರೀಕ್ಷಿಸುವ ಗೋಜಿಗೂ ಹೋಗುವುದಿಲ್ಲ. ನಿಜಕ್ಕೂ ನೆಮ್ಮದಿಯಿಂದ ಕೊಳ್ಳಬಹುದಾದವು ‘ಚಳಿಗಾಲದ ನೆರವು’ ಹೆಸರಿನ ವಿಂಟರ್‌ಹಿಲ್ಫ್ಸ್‌ವೆರ್ಕ್ ಚಂದಾದ ಪುಟ್ಟ ಬಿಲ್ಲೆಗಳು. 1933ರಲ್ಲಿ ಶುರುವಾದ ಈ ಯೋಜನೆಯಲ್ಲಿ 20 ಫೆನಿಗ್ ಕೊಟ್ಟವರಿಗೆ ಗಾಜು, ಪಿಂಗಾಣಿ, ಮರ, ಪ್ಲಾಸ್ಟಿಕ್, ಲೋಹಗಳಲ್ಲಿ ಮಾಡಿದ ಒಂದು ತುಣುಕು ಸಿಗುತ್ತಿತ್ತು. ಲಕ್ಷಗಟ್ಟಲೆ ತಯಾರಾದದ್ದರಿಂದ ಅಸಲಿಯೇ ಅಗ್ಗವಾಗಿ ಸಿಗುತ್ತದೆ. ಮುದ್ದಾದ ಈ ಗೊಂಬೆಗಳು, ಹೂವುಗಳು ದಾನದ ಗುರುತುಗಳಂತೆ ಕಂಡರೂ, ಕೊಡದವರ ಮೇಲೆ ಒತ್ತಡ ಹೇರಿ, 1935ರ ನಂತರ ಯಹೂದಿಗಳನ್ನು ನೆರವಿನಿಂದಲೇ ಹೊರಗಿಟ್ಟ ವ್ಯವಸ್ಥೆಯ ಪಳೆಯುಳಿಕೆಗಳು ಅವು. ಸಂಗ್ರಹದಲ್ಲಿ ಇಡುವವರು ಇದನ್ನು ತಿಳಿದೇ ಇಡಬೇಕು.

“ಅಯಸ್ಕಾಂತಕ್ಕೆ ಅಂಟಿದರೆ ನಕಲಿ” ಎಂಬ ಸೂತ್ರದಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಅಮೂಲ್ಯ ಲೋಹದ ನಾಣ್ಯಗಳ ವಿಷಯದಲ್ಲಿ ಹುಟ್ಟಿದ ಮಾತನ್ನು ಬಿಲ್ಲೆಗಳಿಗೂ ಹಚ್ಚಿದ್ದಾರೆ. ಮೇಲೆ ಹೇಳಿದ ಗೌರವ ಶಿಲುಬೆಯನ್ನೇ ನೋಡಬಹುದು. ಸುಮಾರು 80 ಲಕ್ಷ ಜನರಿಗೆ ಸಿಕ್ಕ ಈ ಪದಕ ಮೂರು ಬಗೆಯದು. ರಣರಂಗದಲ್ಲಿ ಕಾದಿದವರದ್ದಕ್ಕೆ ಕತ್ತಿಗಳಿವೆ, ಉಳಿದ ಸೈನಿಕರದ್ದಕ್ಕೆ ಕತ್ತಿಗಳಿಲ್ಲ, ಮಡಿದವರ ವಿಧವೆಯರಿಗೂ ತಂದೆತಾಯಿಯರಿಗೂ ಕೊಟ್ಟದ್ದು ಕಪ್ಪು ಬಣ್ಣದ್ದು. ಮೊದಲ ಎರಡು ಕಂಚಿನಂತೆ ಕಂಡರೂ ಒಳಗೆ ಕಬ್ಬಿಣ, ಮೇಲೆ ಕಂಚಿನ ಲೇಪ ಅಷ್ಟೆ. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳಬೇಕು, ಅಂಟದಿದ್ದರೆ ಅನುಮಾನ ಪಡಬೇಕು. 1870–71ರ ಫ್ರಾನ್ಸ್ ಯುದ್ಧದ ಪದಕದಲ್ಲಿ ಇನ್ನೂ ಸೊಗಸಾದ ಪಾಠವಿದೆ. ಕಾದಾಡಿದವರಿಗೆ ಕೊಟ್ಟದ್ದನ್ನು ವಶಪಡಿಸಿಕೊಂಡ ಫ್ರೆಂಚ್ ಫಿರಂಗಿಗಳ ಕಂಚಿನಿಂದ ಮಾಡಿ, ಆ ಮಾತನ್ನು ಅಂಚಿನ ಮೇಲೆ ಕೊರೆಸಲಾಗಿತ್ತು. ಕಾದಾಡದೆ ಸೇವೆ ಸಲ್ಲಿಸಿದವರಿಗೆ ಅದೇ ಪದಕ ಉಕ್ಕಿನಲ್ಲಿ. ಅಂದರೆ ಒಂದೇ ಪದಕದ ಒಂದು ಬಗೆ ಅಯಸ್ಕಾಂತಕ್ಕೆ ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ, ಎರಡೂ ಅಸಲಿ. ಸತುವಿನ ಬಿಲ್ಲೆಗಳಲ್ಲಿ ಹಿಂಬದಿಯ ಪಿನ್ನು ಮಾತ್ರ ಅಂಟಬಹುದು. ಅಯಸ್ಕಾಂತ ಕಬ್ಬಿಣವಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಆ ಬಿಲ್ಲೆಯನ್ನು ಯಾವ ಲೋಹದಲ್ಲಿ ಮಾಡುತ್ತಿದ್ದರು ಎಂಬುದನ್ನು ಸಂಗ್ರಾಹಕ ಮೊದಲೇ ತಿಳಿದಿರಬೇಕು.

ಇದಕ್ಕೆ ಹೊಂದಿಕೊಂಡೇ ಇರುವ ಇನ್ನೊಂದು ತಪ್ಪು, ಹಗುರವಾದ ಬೂದು ಸತುವಿನ ಬಿಲ್ಲೆಗಳೆಲ್ಲ ಕಳಪೆ ನಕಲಿಗಳು ಎಂಬುದು. 1930ರ ದಶಕದಲ್ಲಿ ಹಿತ್ತಾಳೆ ಜಾತಿಯ ಟೋಂಬಾಕ್, ಜರ್ಮನ್ ಸಿಲ್ವರ್ ಬಳಸುತ್ತಿದ್ದ ಕಾರ್ಖಾನೆಗಳು, ಎರಡನೆಯ ಮಹಾಯುದ್ಧ ಎಳೆದಂತೆಲ್ಲ ತಾಮ್ರ ಮದ್ದುಗುಂಡಿಗೆ ಹೋದದ್ದರಿಂದ ಸತುವಿಗೆ ಇಳಿದವು. ಸತುವಿನ ಮೇಲಿನ ತೆಳು ಲೇಪ ಕಾಲಕ್ರಮೇಣ ಮಾಸಿ ಬೂದುಬಣ್ಣ ಉಳಿಯುತ್ತದೆ. ಯುದ್ಧದ ಕೊನೆಯ ವರ್ಷಗಳ ಬಿಲ್ಲೆ ಹಾಗಿದ್ದರೆ ಅದು ಸಹಜ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಬಿಲ್ಲೆ ಅಚ್ಚೊತ್ತಿದ್ದೋ ಎರಕ ಹೊಯ್ದದ್ದೋ ಎಂಬ ಪ್ರಶ್ನೆಗೆ. ಗಡಸು ಉಕ್ಕಿನ ಅಚ್ಚಿನಿಂದ ಭಾರೀ ಒತ್ತಡದಲ್ಲಿ ಒತ್ತಿದ ಬಿಲ್ಲೆಯಲ್ಲಿ ಅಕ್ಷರಗಳ ಅಂಚು ಚೂಪು, ನಡುವಿನ ಬಯಲು ನುಣುಪು. ಸುತ್ತಲಿನ ಹೆಚ್ಚುವರಿ ತಗಡನ್ನು ಕತ್ತರಿಸಿ ತೆಗೆದ ಕಡೆ, ಅಂಚಿನಲ್ಲಿ ನೆಟ್ಟಗಿನ ಸಣ್ಣ ಗೆರೆಗಳು ಉಳಿಯುತ್ತವೆ. ತೆಳು ತಗಡಿನ ಬಿಲ್ಲೆಯಾದರೆ ಮುಂಬದಿಯ ಉಬ್ಬು ಹಿಂಬದಿಯಲ್ಲಿ ತಗ್ಗಾಗಿ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಅಸಲಿಯನ್ನೇ ಒತ್ತಿ ಮಾಡಿದ ಪಡಿಯಚ್ಚಿಗೆ ಕರಗಿದ ಲೋಹ ಹೊಯ್ದರೆ ಬೇರೆಯದೇ ಕುರುಹುಗಳು ಸಿಗುತ್ತವೆ: ಅಕ್ಷರಗಳು ಸೋಪಿನ ಬಿಲ್ಲೆಯ ಮೇಲಿನವುಗಳಂತೆ ಮೊಂಡು, ಬಯಲಿನಲ್ಲಿ ಗಾಳಿಗುಳ್ಳೆಗಳ ಸಣ್ಣ ಗುಳಿಗಳು, ಅಂಚಿನಲ್ಲಿ ಅರದಿಂದ ಉಜ್ಜಿದ ಗೀರುಗಳು. ಲೋಹ ತಣಿಯುವಾಗ ಕುಗ್ಗುವುದರಿಂದ ಇಂಥ ನಕಲು ಅಸಲಿಗಿಂತ ಒಂದು ಕೂದಲಷ್ಟು ಚಿಕ್ಕದು. ಕ್ಯಾಲಿಪರ್ ಹಿಡಿದರೆ ಗೊತ್ತಾಗುತ್ತದೆ.

ಇಲ್ಲೂ ಒಂದು ಎಚ್ಚರ ಬೇಕು. ಎರಕದ ಗುರುತು ಕಂಡ ಮಾತ್ರಕ್ಕೆ ನಕಲಿ ಎನ್ನಲಾಗದು, ಏಕೆಂದರೆ ಯುದ್ಧಕಾಲದ ಕೆಲವು ಸತುವಿನ ಬಿಲ್ಲೆಗಳನ್ನು ಕಾರ್ಖಾನೆಗಳೇ ಒತ್ತಡದ ಎರಕದಲ್ಲಿ ಮಾಡಿದವು. ಹೀಗಾಗಿ ಭೂತಗನ್ನಡಿಯಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಹುಡುಕಬೇಕು. ಉಕ್ಕಿನ ಅಚ್ಚು ಬಿರುಕು ಬಿಟ್ಟಾಗ ಆ ಬಿರುಕಿಗೆ ಲೋಹ ನುಗ್ಗಿ, ಬಿಲ್ಲೆಯ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಆ ಅಚ್ಚಿನಿಂದ ನಂತರ ಬಂದ ಬಿಲ್ಲೆಗಳಲ್ಲೆಲ್ಲ ಅದೇ ಜಾಗದಲ್ಲಿ ಅದೇ ಉಬ್ಬುಗೆರೆ ಇರುತ್ತದೆ, ಇದು ಯಂತ್ರದ ಸಹಜ ನಡೆ. ಬಳಕೆಯಲ್ಲಿ ಬಿದ್ದ ಗೀರಾದರೋ ಒಳಕ್ಕೆ ಇಳಿದಿರುತ್ತದೆ, ಪ್ರತಿ ಬಿಲ್ಲೆಗೂ ಬೇರೆ ಬೇರೆ ಇರುತ್ತದೆ. ಒಳಗಿಳಿದ ಒಂದೇ ಗೀರು ಎರಡು ಬಿಲ್ಲೆಗಳಲ್ಲಿ ಒಂದೇ ಜಾಗದಲ್ಲಿ ಕಂಡರೆ, ಅವೆರಡರಲ್ಲಿ ಕನಿಷ್ಠ ಒಂದಾದರೂ ಎರಕದ ನಕಲು.

ಕಿಲುಬು, ತುಕ್ಕು, ಸವಕಳಿಗಳನ್ನು ವಯಸ್ಸಿನ ಸಾಕ್ಷಿಯೆಂದು ನಂಬುವವರು ಬಹಳ. ಗಂಧಕದ ದ್ರಾವಣ ಬಳಿದರೆ ಹಿತ್ತಾಳೆ ಕೆಲವೇ ನಿಮಿಷಗಳಲ್ಲಿ ಕಪ್ಪಾಗುತ್ತದೆ, ಉಪ್ಪು-ವಿನೆಗರ್ ಸವರಿ ಮಣ್ಣಿನಲ್ಲಿ ಹೂತರೆ ಹಸಿರು ಕಿಲುಬು ಬರುತ್ತದೆ. ಕಿಲುಬು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಎಲ್ಲಿದೆ ಎಂದು ನೋಡುವುದು ಮುಖ್ಯ. ವರ್ಷಗಟ್ಟಲೆ ಧರಿಸಿದ ಬಿಲ್ಲೆ ಎತ್ತರದ ಭಾಗಗಳಲ್ಲಿ ಸವೆದು, ತಗ್ಗುಗಳಲ್ಲಿ ಕಪ್ಪಾಗಿರುತ್ತದೆ. ಸೂಜಿ ಕೂರುವ ಕೊಕ್ಕೆಯ ಒಳಗೆ ತೇಯ್ದ ಹೊಳಪಿರುತ್ತದೆ. ಮುಂಬದಿ, ಹಿಂಬದಿ, ಬೆಸುಗೆ, ಸೂಜಿ ನಾಲ್ಕಕ್ಕೂ ಒಂದೇ ಛಾಯೆಯ ಮುದಿತನ ಬಂದಿದ್ದರೆ ಅದನ್ನು ಯಾರೋ ಒಂದೇ ದಿನದಲ್ಲಿ ತಂದಿದ್ದಾರೆ. ಇದರ ಇನ್ನೊಂದು ಮಗ್ಗುಲೂ ಉಂಟು: ಹೊಸದರಂತೆ ಹೊಳೆಯುವುದೆಲ್ಲ ನಕಲಿಯಲ್ಲ. ಕಾಗದದ ಪೊಟ್ಟಣದಲ್ಲೇ ದಶಕಗಳ ಕಾಲ ಉಳಿದ ಅಸಲಿ ಬಿಲ್ಲೆಗಳು ಧಾರಾಳವಾಗಿವೆ.

ಪಿನ್ನು ಬದಲಾಗಿದ್ದರೆ ಬಿಲ್ಲೆ ನಕಲಿ ಎಂದು ತೀರ್ಮಾನಿಸುವುದೂ ಸರಿಯಲ್ಲ. ಮುರಿದ ಸೂಜಿಯನ್ನು ಅಕ್ಕಸಾಲಿಗನಿಂದ ಬೆಸೆಸಿಕೊಂಡವರು ಆಗಲೂ ಇದ್ದರು. ರಿಪೇರಿಯಿಂದ ಬೆಲೆ ಇಳಿಯುತ್ತದೆ, ಅಸಲಿತನ ಹೋಗುವುದಿಲ್ಲ. ಬಣ್ಣದ ಎನಾಮೆಲ್ ಮಾತ್ರ ಚೆನ್ನಾಗಿ ಮಾತಾಡುತ್ತದೆ. ಕುಲುಮೆಯಲ್ಲಿ ಸುಟ್ಟ ಎನಾಮೆಲ್ ಗಾಜಿನ ಜಾತಿಯದು, ಪೆಟ್ಟು ಬಿದ್ದ ಕಡೆ ಗಾಜಿನಂತೆಯೇ ಚಕ್ಕೆ ಏಳುತ್ತದೆ. ಈಗಿನ ರಾಳದ ಬಣ್ಣ ಮೆತ್ತಗೆ ಉಬ್ಬಿರುತ್ತದೆ, ಸವೆಯುತ್ತದೆ, ಚಕ್ಕೆ ಏಳುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಚಾಳಿ ಕೆಲವರಲ್ಲಿದೆ. ಅದರಿಂದ ಬಿಲ್ಲೆಗೆ ಶಾಶ್ವತ ಗಾಯವಾಗುತ್ತದೆ, ಆ ಚಾಳಿ ಬಿಡಬೇಕು.

ಹಿಂಬದಿಯ ಮುದ್ರೆಗಳ ಮೇಲೆ ಸಂಗ್ರಾಹಕರಿಗೆ ಇರುವ ವಿಶ್ವಾಸ ಅಚ್ಚರಿ ಹುಟ್ಟಿಸುತ್ತದೆ. ನಕಲಿ ಮಾಡುವವನಿಗೆ ಎಲ್ಲಕ್ಕಿಂತ ಸುಲಭದ ಕೆಲಸವೇ ಮುದ್ರೆ ಒತ್ತುವುದು. ‘ಗೆಸ್. ಗೆಶ್.’ ಎಂಬ ಸಂಕ್ಷೇಪಕ್ಕೆ ವಿನ್ಯಾಸ ಕಾನೂನಿನ ರಕ್ಷಣೆಯಲ್ಲಿದೆ ಎಂಬುದಷ್ಟೇ ಅರ್ಥ. ಪಕ್ಷದ ಸರಕು ಮಂಡಳಿಯ ‘ಆರ್‌ಝಡ್‌ಎಂ’ ಮುದ್ರೆ 1930ರ ದಶಕದ್ದು. ‘ಎಲ್’ ಅಕ್ಷರ, ಓರೆಗೆರೆ, ಸಂಖ್ಯೆ ಇರುವ ಮುದ್ರೆ 1941ರಲ್ಲಿ ಸ್ಥಾಪನೆಯಾದ ಪದಕ ತಯಾರಕರ ಒಕ್ಕೂಟದ್ದು. ಆದ್ದರಿಂದ 1936ರ ಉತ್ಸವದಲ್ಲೇ ಕೊಂಡದ್ದು ಎನ್ನುವ ಬಿಲ್ಲೆಯ ಮೇಲೆ ಈ ಒಕ್ಕೂಟದ ಮುದ್ರೆ ಇದ್ದರೆ, ಮುದ್ರೆಯೇ ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ಯಾವ ಮುದ್ರೆಯೂ ಇಲ್ಲದ ಅಸಲಿಗಳೂ ಸಾಕಷ್ಟಿವೆ. ಮುದ್ರೆಯಿಂದ ಒಂದು ಬಿಲ್ಲೆಯನ್ನು ತಳ್ಳಿಹಾಕಬಹುದು, ಮುದ್ರೆಯೊಂದನ್ನೇ ನಂಬಿ ಒಪ್ಪಿಕೊಳ್ಳುವಂತಿಲ್ಲ.

“ಅದೇ ಕಾರ್ಖಾನೆ, ಅದೇ ಅಚ್ಚು, ಅಂದ ಮೇಲೆ ಅಸಲಿಯೇ” ಎಂಬ ವಾದ ಇದಕ್ಕಿಂತ ಜಾಣತನದ್ದು. ಆದರೆ 1945ಕ್ಕೆ ಈ ಕಾರ್ಖಾನೆಗಳೆಲ್ಲ ಬಾಗಿಲು ಹಾಕಲಿಲ್ಲ. ಪಶ್ಚಿಮ ಜರ್ಮನಿ 1957ರ ಜುಲೈ 26ರಂದು ತಂದ ಕಾನೂನು, ಯುದ್ಧಕಾಲದ ಪದಕಗಳನ್ನು ಸ್ವಸ್ತಿಕವಿಲ್ಲದೆ ಧರಿಸಲು ಮಾಜಿ ಸೈನಿಕರಿಗೆ ಅವಕಾಶ ಕೊಟ್ಟಿತು. ಲ್ಯೂಡೆನ್‌ಶೈಡ್‌ನ ಸ್ಟೈನ್‌ಹೌವರ್ ಉಂಡ್ ಲ್ಯೂಕ್‌ನಂಥ ಹಳೆಯ ಸಂಸ್ಥೆಗಳೇ ಅವನ್ನು ತಯಾರಿಸಿದವು. ಕಬ್ಬಿಣದ ಶಿಲುಬೆಯ ನಡುವೆ ಸ್ವಸ್ತಿಕದ ಜಾಗಕ್ಕೆ ಓಕ್ ಎಲೆಗಳು ಬಂದವು. ಇವು ಕಾನೂನುಬದ್ಧ ಪದಕಗಳೇ, 1957ರವೆಂದು ಹೇಳಿ ಮಾರಿದರೆ ತಪ್ಪಿಲ್ಲ, ಯುದ್ಧಕಾಲದ್ದೆಂದು ಮಾರಿದರೆ ಮೋಸ.

ಭಾರತಕ್ಕೂ ಈ ವಿಷಯಕ್ಕೂ ನೇರ ನಂಟಿದೆ. ಸುಭಾಷ್‌ಚಂದ್ರ ಬೋಸರು 1942ರಲ್ಲಿ ಜರ್ಮನಿಯಲ್ಲಿದ್ದಾಗ ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳನ್ನು ತಯಾರಿಸಿದ್ದು ವಿಯೆನ್ನಾದ ರುಡಾಲ್ಫ್ ಸೌವಾಲ್ ಸಂಸ್ಥೆ. ಆ ಸಂಸ್ಥೆ ಯುದ್ಧ ಮುಗಿದ ಮೇಲೂ ಪದಕಗಳನ್ನು ಮಾಡುತ್ತಲೇ ಇತ್ತು. ‘ಸೌವಾಲ್ ತಯಾರಿಕೆ’ ಎಂಬ ಮಾತೇ ಒಂದು ಆಜಾದ್ ಹಿಂದ್ ಪದಕ 1945ಕ್ಕಿಂತ ಹಿಂದಿನದು ಎನ್ನುವುದಕ್ಕೆ ಸಾಲದು.

ಬಿಲ್ಲೆಯ ಜೊತೆ ಬರುವ ಕಾಗದ, ಕಥೆಗಳ ವಿಷಯ ಇನ್ನೂ ಸೂಕ್ಷ್ಮ. ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು’ ಎಂಬ ಕಥೆಗೆ ಬೆಲೆ ಕಟ್ಟುವವರು ಕೊನ್ರಾಡ್ ಕುಯಾವ್‌ನ ಪ್ರಕರಣವನ್ನು ಓದಬೇಕು. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ 93 ಲಕ್ಷ ಮಾರ್ಕ್ ತೆತ್ತು ಕೊಂಡು ಪ್ರಕಟಿಸಿದ ‘ಹಿಟ್ಲರ್ ಡೈರಿ’ಗಳನ್ನು ಬರೆದವನು ಇವನೇ. ಅದಕ್ಕೂ ಮೊದಲು ಸ್ಟುಟ್‌ಗಾರ್ಟ್‌ನಲ್ಲಿ ನಾಜಿ ಕಾಲದ ವಸ್ತುಗಳ ವ್ಯಾಪಾರ ನಡೆಸುತ್ತಿದ್ದ. ಅಗ್ಗದ ಅಸಲಿ ವಸ್ತುವಿಗೆ ಖೋಟಾ ಪತ್ರ ಜೋಡಿಸಿ ಬೆಲೆ ಏರಿಸುವುದು ಅವನ ದಾರಿಯಾಗಿತ್ತು. ಮೊದಲ ಮಹಾಯುದ್ಧದ ಸಾಮಾನ್ಯ ಹೆಲ್ಮೆಟ್ಟೊಂದಕ್ಕೆ, ಅದನ್ನು ಹಿಟ್ಲರನೇ ಧರಿಸಿದ್ದ ಎಂಬ ಚೀಟಿ ಬರೆದು ಸೇರಿಸಿದ್ದ. ವಸ್ತು ನಿಜ, ಕಾಗದ ಸುಳ್ಳು. ಗೌರವ ಶಿಲುಬೆಯ ಪ್ರಮಾಣಪತ್ರಗಳು ಅಸಲಿಯಾಗಿದ್ದರೂ ಇದೇ ತೊಡಕು ಬರುತ್ತದೆ. ಹೆಸರು ಕಾಗದದ ಮೇಲಿದೆ, ಪದಕದ ಮೇಲಿಲ್ಲ. ಆ ಪತ್ರ ಈ ಪದಕದ್ದೇ ಎನ್ನಲು ಆಧಾರ ಸಿಗುವುದಿಲ್ಲ.

ಡೈರಿಗಳ ಪರೀಕ್ಷೆಯಲ್ಲಿ ಆದ ಮೊದಲ ಎಡವಟ್ಟೂ ಸಂಗ್ರಾಹಕರಿಗೆ ತೀರ ಪ್ರಸ್ತುತ. ಕೈಬರಹದ ತಜ್ಞರು ಅವನ್ನು ಅಸಲಿ ಎಂದಿದ್ದರು, ಏಕೆಂದರೆ ಹೋಲಿಕೆಗೆಂದು ಅವರಿಗೆ ಕೊಟ್ಟ ‘ಅಸಲಿ’ ಮಾದರಿಗಳಲ್ಲಿ ಕೆಲವು ಕುಯಾವ್‌ನ ಕೈಚಳಕವೇ ಆಗಿದ್ದವು. ಪುಸ್ತಕದ ಚಿತ್ರಕ್ಕೆ ಹೊಂದಿದರೆ ಬಿಲ್ಲೆ ಅಸಲಿ ಎಂಬ ನಂಬಿಕೆ ಮುಗ್ಗರಿಸುವುದೂ ಹೀಗೆಯೇ. ಆ ಚಿತ್ರದಲ್ಲಿರುವ ಬಿಲ್ಲೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮೊದಲು ಬರಬೇಕು. ವಸ್ತುಸಂಗ್ರಹಾಲಯಕ್ಕೆ ಆ ಕಾಲದಲ್ಲೇ ಸೇರಿದ ಪ್ರತಿ, ಇತ್ತೀಚಿನ ಹರಾಜಿನ ಚಿತ್ರಕ್ಕಿಂತ ಎಷ್ಟೋ ಗಟ್ಟಿ ಆಧಾರ.

ಡೈರಿಗಳ ಸುಳ್ಳು ಬಯಲಾದದ್ದು ಕಾಗದದಲ್ಲಿದ್ದ ಬಿಳುಪುಕಾರಕದಿಂದ. ಯುದ್ಧದ ನಂತರ ಬಳಕೆಗೆ ಬಂದ ಆ ರಾಸಾಯನಿಕ ನೇರಳಾತೀತ ಬೆಳಕಿನಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತದೆ. ಬಿಲ್ಲೆಯ ರಿಬ್ಬನ್, ಪೊಟ್ಟಣ, ಪತ್ರಗಳಿಗೆ ಈ ದೀಪದ ಪರೀಕ್ಷೆ ಉಪಯುಕ್ತ, ಲೋಹಕ್ಕೆ ಇದರಿಂದ ಏನೂ ತಿಳಿಯುವುದಿಲ್ಲ. ಹೊಳೆದರೆ ನಕಲಿ, ಹೊಳೆಯದಿದ್ದರೆ ಅಸಲಿ ಎಂದು ಕಣ್ಣುಮುಚ್ಚಿ ಹೇಳುವಂತೆಯೂ ಇಲ್ಲ. ಈಗಿನ ಡಿಟರ್ಜೆಂಟ್‌ನಲ್ಲಿ ಒಮ್ಮೆ ಒಗೆದ ಹಳೆಯ ರಿಬ್ಬನ್ ಕೂಡ ಹೊಳೆಯುತ್ತದೆ. ಬಿಳುಪುಕಾರಕವಿಲ್ಲದ ಹೊಸ ನೂಲು ಹೊಳೆಯುವುದಿಲ್ಲ.

ನಾಜಿ ಕಾಲದ ಬಿಲ್ಲೆಗಳನ್ನು ಇಟ್ಟುಕೊಳ್ಳುವುದೇ ಜರ್ಮನಿಯಲ್ಲಿ ಅಪರಾಧ ಎಂಬ ಮಾತು ಸರಿಯಲ್ಲ. ಅಲ್ಲಿನ ದಂಡಸಂಹಿತೆಯ 86ಎ ಕಲಮು ನಿಷೇಧಿಸುವುದು ನಾಜಿ ಲಾಂಛನಗಳ ಸಾರ್ವಜನಿಕ ಪ್ರದರ್ಶನವನ್ನು, ಪ್ರಸಾರವನ್ನು. ಮನೆಯೊಳಗಿನ ಸಂಗ್ರಹ ಅದರ ವ್ಯಾಪ್ತಿಗೆ ಬರುವುದಿಲ್ಲ, ಸಂಶೋಧನೆ ಮತ್ತು ಬೋಧನೆಗೂ ವಿನಾಯಿತಿಯಿದೆ. ಹರಾಜು ಪಟ್ಟಿಗಳಲ್ಲಿ ಸ್ವಸ್ತಿಕದ ಮೇಲೆ ಪಟ್ಟಿ ಅಂಟಿಸಿರುವುದು ಈ ಕಾರಣಕ್ಕೆ. ಸ್ವಸ್ತಿಕವಿಲ್ಲದ 1934ರ ಗೌರವ ಶಿಲುಬೆಗೆ ಈ ನಿರ್ಬಂಧ ತಾಗುವುದಿಲ್ಲ. ಸ್ವಸ್ತಿಕವಿರುವ ಬಿಲ್ಲೆ ನಿನ್ನೆ ತಯಾರಾದ ನಕಲಿಯಾಗಿದ್ದರೂ ಅದಕ್ಕೆ ಅದೇ ಕಾನೂನು ಅನ್ವಯಿಸುತ್ತದೆ.