ಪತ್ರಾಸ್ ಶೆಡ್ಡಿನ ಕೆಳಗೊಂದು ಆಟದಂಗಳ

ಧಾರವಾಡದ ಹತ್ತಿರ, 2002ರಲ್ಲಿ ಶುರುವಾದ ಕಲಕೇರಿ ಸಂಗೀತ ವಿದ್ಯಾಲಯದಲ್ಲಿ ಬಡ ಮನೆಗಳ ಮಕ್ಕಳು ಶುಲ್ಕವಿಲ್ಲದೆ ಹಿಂದೂಸ್ತಾನಿ ಸಂಗೀತ ಕಲಿಯುತ್ತಾರೆ, ಜೊತೆಗೆ ಶಾಲೆಯ ಪಾಠವನ್ನೂ ಓದುತ್ತಾರೆ. ಇಂಥ ಸಮುದಾಯ ಶಾಲೆಗಳಿಗೆ ಆಟ, ಹಾಡು, ನಾಟಕ ಎಲ್ಲಕ್ಕೂ ಒದಗುವ ಒಂದು ಸೂರು ಬೇಕು. ಊರವರು ಕೂಡಿ ಕಟ್ಟಿಸಲು ಕೂತರೆ ಮೊದಲು ಬರುವ ಮಾತು ಪತ್ರಾಸ್ ಶೆಡ್.

ಪತ್ರಾಸು ನೆರಳು ಕೊಡುತ್ತದೆ, ತಂಪು ಕೊಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಅದು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ಕಾದ ವಸ್ತು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತದೆ. ಬಣ್ಣ ಬಳಿದ ತಗಡು 30 ಡಿಗ್ರಿಯಲ್ಲಿದ್ದರೆ ಚದರ ಮೀಟರಿಗೆ ಸುಮಾರು 430 ವ್ಯಾಟ್, 60 ಡಿಗ್ರಿಗೆ ಏರಿದರೆ 600 ವ್ಯಾಟ್‌ಗೂ ಹೆಚ್ಚು. ಸುತ್ತ ಗಾಳಿ ಆಡುತ್ತಿದ್ದರೂ ನೆತ್ತಿ ಸುಡುವುದು ಇದರಿಂದಲೇ. ಫ್ಯಾನು ಗಾಳಿಯನ್ನು ಕದಲಿಸೀತು, ಕಿರಣವನ್ನು ತಡೆಯಲಾರದು. ತಡೆಯಲು ನಡುವೆ ಇನ್ನೊಂದು ಪದರ ಬೇಕು. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಇಟ್ಟರೆ ಬಹುಪಾಲು ಕೆಲಸ ಮುಗಿಯಿತು. ದಪ್ಪ ತಟ್ಟಿಯಾದರೆ ಮಳೆಯ ಸದ್ದನ್ನೂ ಒಂದಿಷ್ಟು ಹೀರುತ್ತದೆ. ದೊಡ್ಡ ಹನಿಗಳು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ತೆಳು ತಗಡಿಗೆ ಬಡಿದಾಗ ಅದು ನಗಾರಿಯಂತೆ ಕಂಪಿಸುತ್ತದೆ. ಆಗ ತಂಬೂರಿ ಹಿಡಿದು ಕೂತ ಮಗುವಿಗೆ ತನ್ನ ಷಡ್ಜವೇ ಕೇಳಿಸದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ಈ ಎರಡೂ ವಿಷಯದಲ್ಲಿ ಮೇಲು. ಆದರೆ ಚೆಂಡು ಹಾರುವ ಜಾಗದಲ್ಲಿ ಹೆಂಚು ಬೇಡವೆಂದೇ ನನ್ನ ಅಭಿಪ್ರಾಯ.

ಆಟಕ್ಕೆ ಎತ್ತರ ಬೇಕು. ಎತ್ತರ ಹೆಚ್ಚಿದಷ್ಟೂ ಬಿಸಿಲು ಓರೆಯಾಗಿ ಒಳನುಗ್ಗುತ್ತದೆ. ಫೆಬ್ರುವರಿ ಕೊನೆಯ ವಾರದಲ್ಲಿ, ಸಂಜೆ ನಾಲ್ಕಕ್ಕೆ, 4 ಮೀಟರ್ ಎತ್ತರದ ಪಡುವಣ ಅಂಚಿನಡಿಯಿಂದ ಬಿಸಿಲು ಸುಮಾರು 5 ಮೀಟರ್ ಒಳಗೆ ಬರುತ್ತದೆ. ಆಟದ ಪಿರಿಯಡ್ಡು ಇರುವುದೂ ಅದೇ ಹೊತ್ತಿಗೆ! ಮುಂಗಾರಿನ ಎರಚಲು ಕೂಡ ಪಶ್ಚಿಮದಿಂದಲೇ. ಹಾಗಾಗಿ ಪಡುವಣದ ಸೂರನ್ನು ಇಳಿಸಿ ಮುಂದೆ ಚಾಚಬೇಕು, ಆಚೆಗೆ ಹೊಂಗೆ ಸಾಲು ನೆಡಬೇಕು.

ಇನ್ನು ಗಾಳಿ. ಗೋಡೆಯಿಲ್ಲದ ಶೆಡ್ಡಿನೊಳಗೆ ಹೊಕ್ಕ ಗಾಳಿ ತಗಡನ್ನು ಕೆಳಗಿನಿಂದ ನೂಕುತ್ತದೆ, ಮೇಲೆ ಹರಿಯುವ ಗಾಳಿ ಸೆಳೆಯುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 67 ಕಿಲೋ ತೂಕಕ್ಕೆ ಸಮ. ಅರ್ಧ ಮಿಲಿಮೀಟರ್ ದಪ್ಪದ ತಗಡು ತೂಗುವುದು ನಾಲ್ಕೈದು ಕಿಲೋ. ಅಡ್ಡಮಳೆಯಲ್ಲಿ ಪತ್ರಾಸು ಹಾರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ತಗಡಿನಿಂದ ಪಟ್ಟಿಗೆ, ಪಟ್ಟಿಯಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ ಬಿಗಿತ ಎಲ್ಲೂ ಕಡಿಯಬಾರದು.

ಬುನಾದಿಯ ಲೆಕ್ಕ ಅವಳಿನಗರದಲ್ಲಿ ಎಲ್ಲ ಕಡೆ ಒಂದೇ ಅಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯ ಪೂರ್ವಕ್ಕೆ ಎರಿ. ಎರಿಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲ್ಮೇಲೆ ಹೂತ ಕಂಬವನ್ನು ಅದು ಪ್ರತಿವರ್ಷ ಎತ್ತಿ ಇಳಿಸುತ್ತದೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಉಪಾಯವಿದೆ: ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಕುಳಿಯನ್ನು ಕಾಂಡದ ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುವ ಗಡ್ಡೆ ಬುಡದ ಪೈಲ್. ಅಷ್ಟು ಆಳದಲ್ಲಿ ಮಣ್ಣಿನ ತೇವ ಅಷ್ಟಾಗಿ ಬದಲಾಗದು. ಉಬ್ಬುವ ಮಣ್ಣಿಗೆ ಕಂಬವನ್ನು ಬಿಟ್ಟುಕೊಡದ ಆ ಗಡ್ಡೆಯೇ ಬಿರುಗಾಳಿ ಸೂರನ್ನು ಎಳೆದಾಗಲೂ ಕೆಳಗೆ ಹಿಡಿದಿಡುತ್ತದೆ.